ವೈನಿಯ ಕೈ, ಅವ್ವನ ಭರಣಿ

ನಮ್ಮ ವೈನಿಯ ಕೈ ಹಣ್ಣಿಗೆ ಆಗಿಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ವೈನಿ ಎಂದರೆ ಅಣ್ಣನ ಹೆಂಡತಿ. ಎಲ್ಲರೂ ಎಂದರೆ ಅವ್ವ, ಅಣ್ಣ, ಶಹಾಪುರದ ನಮ್ಮ ಓಣಿ, ಮತ್ತು ಬಿಸಿಲಿನಲ್ಲಿ ಒಂದು ಗ್ಲಾಸು ಶರಬತ್ತಿಗೆಂದು ನಮ್ಮ ಕಟ್ಟೆ ಹತ್ತಿದ ಪ್ರತಿಯೊಬ್ಬರೂ. ಆಕೆಯ ರೊಟ್ಟಿಗೆ, ಪಲ್ಯಕ್ಕೆ, ಹೋಳಿಗೆಗೆ ಯಾರೂ ಹೆಸರಿಡುವಂತಿರಲಿಲ್ಲ. ಮಾವಿನಕಾಯಿಯನ್ನು ಬೆಲ್ಲದಲ್ಲಿ ಕುದಿಸಿ ಭರಣಿ ತುಂಬಿದಳೆಂದರೆ ಮಾತ್ರ ತಿಂಗಳು ತುಂಬುವುದರೊಳಗೆ ಬುರುಗು. ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಇದರ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತಿತ್ತು. ಉಳಿದ ಮನೆಗಳಲ್ಲಿ ಕರೆಂಟು ಹೋಗುವುದಷ್ಟೇ ಸುದ್ದಿ.

ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಈ ವಿಷಯದಲ್ಲಿ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಮೊದಲನೆಯ ಭರಣಿ

ಜವಾರಿ ಮಾವಿನಕಾಯಿ ಹೆರೆದು, ಬೆಲ್ಲ ಹಾಕಿ, ಪಾಕ ಬರುವವರೆಗೆ ಕುದಿಸಿ, ಏಲಕ್ಕಿ ಉದುರಿಸಿದರೆ ಗುಳಂಬ. ರೊಟ್ಟಿ, ಚಪಾತಿಗೆ ಹಚ್ಚಿಕೊಂಡು ತಿನ್ನಬಹುದು. ಬಿಸಿಲಿನಲ್ಲಿ ಯಾರಾದರೂ ಬಂದರೆ ಎರಡು ಚಮಚೆ ಪಾಕವನ್ನು ತಣ್ಣೀರಿನಲ್ಲಿ ಕದಡಿ ಶರಬತ್ತು ಅಂತಲೂ ಕೊಡಬಹುದು. ಸರಿಯಾಗಿ ಮಾಡಿದ ಗುಳಂಬ ವರ್ಷವಿಡೀ ಇರುತ್ತದೆ. ಅವ್ವನದು ಎರಡು ವರ್ಷ ಇದ್ದದ್ದೂ ಉಂಟು.

ಸುರಪುರದಿಂದ ಮದುವೆಯಾಗಿ ಬಂದ ವರ್ಷವೇ ವೈನಿ ಒಂದು ಭರಣಿ ಗುಳಂಬ ಮಾಡಿದಳು. ಮೂರು ವಾರವಾದ ಮೇಲೆ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಉಬ್ಬಿಕೊಂಡು ನಿಂತಿತು. ಬಿಚ್ಚಿದರೆ ಒಳಗಿಂದ ಬುಸ್ಸೆಂದಿತು. ಎದುರುಮನೆ ಕಾಕೂ ಆಗ ಹಿಟ್ಟಿನ ಜರಡಿ ಕೇಳಲು ಬಂದಿದ್ದರು. ಜರಡಿ ಮರೆತು ಓಣಿಗೆ ಸುದ್ದಿ ತೆಗೆದುಕೊಂಡು ಹೋದರು.

ಅವ್ವ ಬೈಯಲಿಲ್ಲ. ಆಕೆ ಬೈಯುವ ಅತ್ತೆಯಲ್ಲ, ಕನಿಕರಪಡುವ ಅತ್ತೆ. ಅದು ಇನ್ನೂ ಕಷ್ಟ.

"ಇದು ತಪ್ಪಲ್ಲ ತಂಗಿ, ಕೈ. ಒಬ್ಬೊಬ್ಬರ ಕೈ ಹಂಗ ಇರ್ತದ."

"ಸುರಪುರದಾಗ ನಾ ಮಾಡಿದ್ದು ಎಂದೂ ಕೆಟ್ಟಿಲ್ರಿ ಅತ್ತಿ."

"ಅಲ್ಲೀ ನೀರ ಬ್ಯಾರೆ."

"ಗುಳಂಬಕ್ಕ ನೀರ ಹಾಕೂದಿಲ್ಲಲ್ರಿ?"

"ಅದಕ್ಕ ಮತ್ತ, ಕೈ ಅಂದೆ," ಎಂದಳು ಅವ್ವ.

ಮರುವರ್ಷದಿಂದ ಮನೆಯಲ್ಲಿ ಎರಡು ಭರಣಿ. ದೊಡ್ಡದು ಅವ್ವನದು, ಬಂದವರಿಗೆ. ಸಣ್ಣದು ವೈನಿಯದು, ಕೈ ಪಳಗಲಿ ಅಂತ. ದೊಡ್ಡದು ಉಳಿಯುತ್ತಿತ್ತು, ಸಣ್ಣದು ಉಕ್ಕುತ್ತಿತ್ತು. ಅಣ್ಣನಿಗೆ ಬೀಜ ಗೊಬ್ಬರದ ಅಂಗಡಿ. ಯಾವ ಕಂಪನಿಯ ಬೀಜ ಒಳ್ಳೆಯದು ಎಂದು ಕೇಳಿದರೆ ಹೇಳುವ ಉತ್ತರವನ್ನೇ ಆತ ಇಲ್ಲಿಯೂ ಹೇಳುತ್ತಿದ್ದ: "ಎರಡೂ ಛಲೋ ಅವ."

ಕಾಕಾನ ಬದಲಾವಣೆ

ಎದುರುಮನೆ ಕಾಕಾ, ಎಂದರೆ ಕಾಕೂನ ಗಂಡ, ಬಿಗಿ ಮನುಷ್ಯ. ಚಹಾ ಕುಡಿಯುವುದಿಲ್ಲ, ಎಲೆ ಅಡಿಕೆ ಹಾಕುವುದಿಲ್ಲ, ನಗುವುದೂ ಕಡಿಮೆ. ಕುಡಿಯುವವರ ಮನೆ ಹೇಗೆ ಹಾಳಾಗುತ್ತದೆ ಎಂದು ಸಂಜೆ ಕಟ್ಟೆಯ ಮೇಲೆ ಕೂತು ಹುಡುಗರಿಗೆ ಹೇಳುವುದು ಅವರಿಗಿದ್ದ ಒಂದೇ ಚಟ.

ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಬಂದರು. ಅವ್ವ ಮಲಗಿದ್ದಳು, ವೈನಿ ಹಿತ್ತಲಿನಲ್ಲಿದ್ದಳು. ಅಣ್ಣನೇ ಎದ್ದು ಶರಬತ್ತು ಕದಡಿ ತಂದ. ಕೈಗೆ ಸಿಕ್ಕ ಭರಣಿ ಸಣ್ಣದು.

ಕಾಕಾ ಒಂದು ಗುಟುಕು ಕುಡಿದು ಗ್ಲಾಸನ್ನು ನೋಡಿದರು. "ಇದರಾಗ ಏನ್ ಹಾಕ್ಯಾರ?"

"ಗುಳಂಬ್ರಿ, ಅಷ್ಟ."

"ನಾಲಿಗಿ ಚುರುಚುರು ಅಂತದಲ್ಲ."

"ಬ್ಯಾಡಾದ್ರ ಬಿಡ್ರಿ ಕಾಕಾ."

"ಬ್ಯಾಡ ಅಂದವರು ಯಾರು? ಇನ್ನೊಂದು ತಾ."

ಮೂರನೆಯದಾದ ಮೇಲೆ ಕಾಕಾ ತಮ್ಮ ಮದುವೆಯ ಮೆರವಣಿಗೆಯ ಕಥೆ ಹೇಳಿದರು. ನಾಲ್ಕನೆಯದಕ್ಕೆ ಒಂದು ಹಾಡು ಹೇಳಿದರು, ಧ್ವನಿ ಕೆಟ್ಟದಿರಲಿಲ್ಲ. ಆಮೇಲೆ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಓಣಿಗೆ ಕೇಳುವಂತೆ ಕಾಕೂಗೆ, "ನೀ ಇದ್ದದ್ದಕ್ಕ ಈ ಮನಿ ಮನಿ ಆಗ್ಯದ ನೋಡು," ಅಂದರಂತೆ.

ಮರುದಿನ ಬೆಳಿಗ್ಗೆ ಕಾಕೂ ಸೆರಗಿನಲ್ಲಿ ಮುಚ್ಚಿಕೊಂಡು ಒಂದು ತಂಬಿಗೆ ತಂದರು. ಅವ್ವ ತನ್ನ ದೊಡ್ಡ ಭರಣಿಗೆ ಕೈ ಹಾಕಿದಳು. ಕಾಕೂ ತಡೆದರು.

"ನಿಮ್ಮ ಕೈದು ಬ್ಯಾಡ್ರಿ. ಸೊಸಿದು ಕೊಡ್ರಿ."

ಸೀಕರಣಿ

ವೈನಿಯ ತಂದೆ ಒಂದು ಬುಟ್ಟಿ ಹಣ್ಣು ತಂದ ದಿನ ಆಕೆ ಸೀಕರಣಿ ಮಾಡಿದಳು. ಹಣ್ಣಿನ ರಸ, ಹಾಲು, ಬೆಲ್ಲ, ಏಲಕ್ಕಿ, ಜೊತೆಗೆ ಹೋಳಿಗೆ. ಮನೆ ತುಂಬ ಬೀಗರು. ಬಟ್ಟಲು ನೆಕ್ಕುವುದೊಂದು ಬಾಕಿ ಉಳಿಯಿತು. ಒಬ್ಬರು ಅದನ್ನೂ ಮಾಡಿದರು.

ನಾನು ಅವ್ವನಿಗೆ ಕೇಳಿದೆ, "ಈಗೇನಂತಿ? ಇದೂ ಹಣ್ಣೇ. ಕೈಯೂ ಅದೇ."

"ಕೆಡ್ಲಿಕ್ಕೆ ಅದಕ್ಕ ಟೈಮ್ ಎಲ್ಲಿ ಕೊಟ್ರು?" ಅಂದಳು ಅವ್ವ.

ಇಂಥ ಉತ್ತರಕ್ಕೆ ಎದುರುತ್ತರ ಯಾವ ಯೂನಿವರ್ಸಿಟಿಯಲ್ಲಿಯೂ ಹೇಳಿಕೊಡುವುದಿಲ್ಲ.

ಮೌನವ್ರತ

ಕೊಂಕಲ್‌ನಲ್ಲಿ ನಮ್ಮ ಸೋದರತ್ತೆ ಇದ್ದಾರೆ, ಅಪ್ಪನ ಅಕ್ಕ. ಅವರಿಗೆ ಎಲ್ಲ ರೋಗಕ್ಕೂ ಔಷಧ ಗೊತ್ತು, ಯಾವ ರೋಗ ಎನ್ನುವುದನ್ನು ಮಾತ್ರ ಅವರು ಕೇಳುವುದಿಲ್ಲ. ಬಂದವರೇ ಅಡುಗೆಮನೆಯಲ್ಲಿ ಪಟ್ಟಾಗಿ ಕೂತು ಹುಕುಂ ಕೊಡತೊಡಗಿದರು. ಭರಣಿಯ ಬಾಯಿ ಮೂಡಣ ದಿಕ್ಕಿಗೆ ಇರಲಿ. ಭರಣಿಗೆ ಬಾಯಿ ಮೇಲ್ಗಡೆ ಇರುತ್ತದೆ ಎಂದು ನಾನು ಹೇಳಿದೆ. ಅವರು ನನ್ನನ್ನು ಹೊರಗೆ ಕಳಿಸಿದರು.

ಹೊರಗಿನಿಂದ ಕೇಳಿಸಿದ್ದು ಇಷ್ಟು.

"ಭರಣಿಗಿ ದೃಷ್ಟಿ ಆಗ್ಯದ. ನೀ ಅತ್ತಿ ಆಗಿ ಏನರ ಮಾಡಬೇಕಿಲ್ಲೋ?"

"ನಾ ಕೈಲಾದಷ್ಟು ಮಾಡಾಕತ್ತೇನಿ ಅಕ್ಕಾ," ಅಂದಳು ಅವ್ವ.

"ಸಾಲೂದಿಲ್ಲ. ಕುದಿಸುವಾಗ ಈಕಿ ಬಾಯಿ ತಗೀಬಾರದು. ಮಾತಿನ ಉಗುಳು ಬೀಳ್ತದ."

ಆ ವರ್ಷ ವೈನಿ ಮಾವಿನಕಾಯಿ ಹೆರೆಯುವುದರಿಂದ ಹಿಡಿದು ಭರಣಿಗೆ ಬಟ್ಟೆ ಕಟ್ಟುವವರೆಗೆ ಒಂದು ಮಾತೂ ಆಡಲಿಲ್ಲ. ಅಣ್ಣ ಅಂಗಡಿಯಿಂದ ಬಂದ. ತಡವಾಗಿ ಬಂದಿದ್ದ, ಕಾಯಿಪಲ್ಯ ಮರೆತಿದ್ದ, ಕೆಸರಿನ ಚಪ್ಪಲಿಯಲ್ಲೇ ಒಳಗೆ ನಡೆದಿದ್ದ. ಯಾರೂ ಏನೂ ಅನ್ನಲಿಲ್ಲ. ಆತ ಹೆದರಿ ನನ್ನ ಹತ್ತಿರ ಬಂದ.

"ಆಕಿಗಿ ಜ್ವರ ಬಂದಾವೇನು?"

ವಿಷಯ ಹೇಳಿದೆ. ಆತ ಮತ್ತೊಮ್ಮೆ ಒಳಗೆ ಹೋಗಿ, ಅದೇ ಚಪ್ಪಲಿಯಲ್ಲಿ, ನೀರು ಕುಡಿದು ಬಂದ.

ಭರಣಿ ಎಂದಿನಂತೆ ಉಕ್ಕಿತು. ಸೋದರತ್ತೆಯ ಔಷಧ ಸುಳ್ಳು ಎಂದು ಎಲ್ಲರೂ ಒಪ್ಪಿದರು. ಮುಂದುವರಿಸಬೇಕು ಎಂದವನು ಅಣ್ಣನೊಬ್ಬನೇ.

ಫ್ರಿಜ್ಜು

ಆಮೇಲೆ ಮನೆಗೆ ಫ್ರಿಜ್ ಬಂತು. ವೈನಿ ತನ್ನ ಸಣ್ಣ ಭರಣಿಯನ್ನು ಮೊದಲು ಅದರೊಳಗೆ ಇಟ್ಟು, ಹಾಲನ್ನು ಆಮೇಲೆ ಇಟ್ಟಳು. ಬುರುಗು ಬರಲಿಲ್ಲ. ಎರಡು ತಿಂಗಳು ತಡೆದು ಬೂಸ್ಟು ಬಂತು, ಹಸಿರು ಬಣ್ಣದ್ದು.

ಅವ್ವ ಇಣುಕಿ ನೋಡಿ ನಿಟ್ಟುಸಿರು ಬಿಟ್ಟಳು. "ಪಾಪ, ಥಂಡಿಯೊಳಗೂ ಬಿಡಲಿಲ್ಲ ನೋಡು ಈಕಿ ಕೈ."

ಅವ್ವನ ದೊಡ್ಡ ಭರಣಿ ಒಲೆಯ ಪಕ್ಕದ ಮಾಡದಲ್ಲಿ, ಮೇ ತಿಂಗಳ ಬಿಸಿಯಲ್ಲಿ, ಏನೂ ಆಗದೆ ಕೂತಿತ್ತು.

ಪ್ರಯೋಗ

ಇದು ನಾನು ಕಾಲೇಜಿಗೆ ಸೇರಿದ ಹೊಸದರಲ್ಲಿ ನಡೆದದ್ದು, ಫ್ರಿಜ್ಜಿಗೂ ಮೊದಲು. ಕೈಗುಣ ಎನ್ನುವುದು ಇಲ್ಲ ಎಂದು ಒಂದು ಬೇಸಿಗೆಯಲ್ಲಿ ಸಾಧಿಸಿ ತೋರಿಸುತ್ತೇನೆಂದು ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದೆ.

ಒಂದೇ ಗಿಡದ ಕಾಯಿ. ಒಂದೇ ಅಂಗಡಿಯ ಬೆಲ್ಲ. ಒಂದೇ ಬೋಗುಣಿಯಲ್ಲಿ ಒಟ್ಟಿಗೆ ಕುದಿಸಿದ ಗುಳಂಬ. ಎರಡು ಹೊಸ ಭರಣಿ, ಒಂದೇ ಅಳತೆಯವು, ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಇಟ್ಟವು. ಅರ್ಧವನ್ನು ಅವ್ವ ತುಂಬಿದಳು, ಅರ್ಧವನ್ನು ವೈನಿ. ಎರಡನ್ನೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಇಟ್ಟೆ. ಗುರುತು ತಪ್ಪಬಾರದೆಂದು ಒಂದಕ್ಕೆ "ಅವ್ವ", ಇನ್ನೊಂದಕ್ಕೆ "ವೈನಿ" ಎಂದು ಚೀಟಿ ಅಂಟಿಸಿದೆ.

ಅವ್ವ ಕನ್ನಡಕ ಹಾಕಿಕೊಂಡು ಎರಡೂ ಚೀಟಿ ಓದಿದಳು. "ಛಲೋ ಮಾಡಿದಿ ತಮ್ಮಾ. ಯಾವುದು ಯಾರದು ಅಂತ ಗೊತ್ತಾಗ್ತದ," ಅಂದಳು. ನನ್ನ ಓದಿಗೆ ಆ ಮನೆಯಲ್ಲಿ ಸಿಕ್ಕ ಮೊದಲ ಮೆಚ್ಚುಗೆ ಅದು.

ನಾಲ್ಕನೆಯ ವಾರ "ವೈನಿ" ಉಕ್ಕಿತು. "ಅವ್ವ" ಅಲುಗಲಿಲ್ಲ.

ಎರಡನ್ನೂ ಮೂಸಿದೆ, ಭೂತಗನ್ನಡಿ ಹಿಡಿದೆ, ಲಿಟ್ಮಸ್ ಕಾಗದ ಅದ್ದಿದೆ. ಎರಡೂ ಹುಳಿ ಎಂದು ಲಿಟ್ಮಸ್ ಹೇಳಿತು. ಅಷ್ಟನ್ನು ಕಾಕೂ ನಾಲಿಗೆಯಿಂದಲೇ ಹೇಳುತ್ತಿದ್ದರು.

ವೈನಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. "ಏನಾತ್ರಿ ಮಾಸ್ತರ? ಸೈನ್ಸ್‌ನಾಗೂ ನನ್ನ ಕೈ ಕೆಟ್ಟದಂತೇನು?" ನಗುತ್ತಲೇ ಕೇಳಿದಳು. ಆಮೇಲೆ ಕೈ ಸೆರಗಿನಲ್ಲಿ ಒರೆಸಿಕೊಂಡಳು, ಒದ್ದೆಯಾಗದಿದ್ದರೂ.

ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು ಎದ್ದು ನಿಂತ. "ಸರ್, ಗುಳಂಬ ಏನಾತ್ರಿ? ಹಂಗಾದ್ರ ಕೈ ಅನ್ನೂದು ಖರೇ ಏನ್ರಿ?"

"ಅದು ಸಿಲಬಸ್‌ನಲ್ಲಿ ಇಲ್ಲ," ಅಂದೆ.

ಬುತ್ತಿ

ಈ ವರ್ಷ ಅಣ್ಣನ ಮಗಳ ಮದುವೆ. ಗಂಡಿನವರು ರಾಮಸಮುದ್ರದವರು. ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ ಜೊತೆಗೆ ಬುತ್ತಿ ಹೋಗಬೇಕು: ಹೋಳಿಗೆ, ಕರ್ಚಿಕಾಯಿ, ಉಂಡಿ. ಅಲ್ಲಿ ಹತ್ತು ಮಂದಿಯ ಎದುರಿಗೆ ಗಂಟು ಬಿಚ್ಚಿ, ಓಣಿಗೆಲ್ಲ ಹಂಚಿ, ತಿಂದು, ಆಮೇಲೆ ಬೇಕಾದಷ್ಟು ದಿನ ಮಾತಾಡುತ್ತಾರೆ.

ನಿಶ್ಚಯದ ದಿನ ಹುಡುಗನ ಅಜ್ಜಿ ವೈನಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದರು. "ಬುತ್ತಿಯೊಳಗ ಒಂದು ಭರಣಿ ಗುಳಂಬ ಇರಲಿ, ನಿಮ್ಮ ಕೈಲೇ ಮಾಡಿದ್ದು. ವರ್ಷಾ ಇಟ್ಕೊಂಡು ತಿಂತೀವಿ. ಮುಂದ ನಮ್ಮ ಮನಿ ಭರಣಿ ಈ ಹುಡುಗಿನೇ ಅಲ್ಲೇನ್ರಿ ತುಂಬಾಕಿ? ಕೈ ಹ್ಯಾಂಗದ ಅಂತ ಗೊತ್ತಾಗ್ಲಿ."

ಅವರಿಗೆ ಯಾರೋ ಹೇಳಿದ್ದರೋ, ಸುಮ್ಮನೆ ಅಂದರೋ ತಿಳಿಯದು. ವೈನಿಯ ಮುಖದಲ್ಲಿ ರಕ್ತವಿರಲಿಲ್ಲ. ಭರಣಿ ಅಲ್ಲಿ ಉಕ್ಕಿದರೆ ಆಕೆಗೆ ಅಂಟಿದ ಮಾತು ಮಗಳಿಗೂ ಅಂಟುತ್ತದೆ, ಅದೂ ಹೊಸ ಮನೆಯಲ್ಲಿ, ಮೊದಲನೆಯ ವರ್ಷವೇ. ಆಕೆಗೆ ಆದದ್ದೂ ಹಾಗೆಯೇ.

ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು. ಹುಡುಗಿ ಬಿ.ಕಾಂ. ಓದಿದವಳು. "ನನಗ ಗುಳಂಬ ಮಾಡ್ಲಿಕ್ಕೇ ಬರೂದಿಲ್ಲ. ಯಾವ ಕೈ ನೋಡ್ತಾರಂತ?" ಎಂದಳು.

"ಬರೂದು ಬ್ಯಾಡವ್ವ," ಅಂದ ಅಣ್ಣ.

ಅವ್ವ ಒಂದು ಉಪಾಯ ಹೇಳಿದಳು. "ನಾ ಮಾಡ್ತೀನಿ. ನೀನ ಮಾಡಿದ್ದು ಅಂತ ಹೇಳಿ ಕಳಸೂಣು. ನನ್ನ ಬಾಯಿಂದ ಯಾರ ಮುಂದೂ ಬರೂದಿಲ್ಲ."

ಅದು ಪ್ರೀತಿಯ ಮಾತು. ವೈನಿ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಸಿದಳು.

"ಬ್ಯಾಡ್ರಿ ಅತ್ತಿ. ನನ್ನ ಮಗಳ ಬುತ್ತಿ, ನಾನೇ ಮಾಡ್ತೀನಿ. ಕೆಟ್ರ ಕೆಡಲಿ."

ಮಾಡಿದಳು. ಕಾಯಿ ಹೆರೆದಳು, ಕುದಿಸಿದಳು, ತುಂಬಿದಳು, ಬಟ್ಟೆ ಕಟ್ಟಿದಳು. ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಮರುದಿನ ನಾನು ಕಾಲೇಜಿಗೆ ಹೊರಡುವಾಗ ಭರಣಿಯನ್ನು ಟವೆಲ್‌ನಲ್ಲಿ ಸುತ್ತಿ ತಂದು ನನ್ನ ಸ್ಕೂಟರಿನ ಮುಂದೆ ಇಟ್ಟಳು.

"ಇದನ್ನ ಯಾದಗಿರಿಗಿ ಒಯ್ರಿ ಮಾಸ್ತರ. ನಿಮ್ಮ ಕಾಲೇಜಿನಾಗ ಎಲ್ಲ್ಯರ ಇಡ್ರಿ. ಇಲ್ಲಿದ್ರ ದಿನಾ ಬಿಚ್ಚಿ ಬಿಚ್ಚಿ ನೋಡ್ತೀನಿ. ನನ್ನ ಕೈನ ಅಪಶಕುನ ಆದ್ರ, ಕೈ ದೂರ ಇರಲಿ. ಅತ್ತಿಗಿ ಹೇಳಬ್ಯಾಡ್ರಿ, ಸುಮ್ಕ ಕಳವಳ ಮಾಡ್ಕೋತಾರ."

ಲ್ಯಾಬಿನ ಕಪಾಟಿನಲ್ಲಿ, ಆಸಿಡ್ ಬಾಟಲಿಗಳ ಕೆಳಗಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದೆ. ಕಪಾಟಿನ ಇನ್ನೊಂದು ಕೀ ಅಟೆಂಡರ್ ಹತ್ತಿರ ಇರುತ್ತದೆ, ಆತನಿಗೆ ಸಿಹಿ ಎಂದರೆ ಪ್ರಾಣ. ಅದಕ್ಕೆ ಭರಣಿಯ ಮೇಲೆ ತಲೆಬುರುಡೆಯ ಚಿತ್ರವಿದ್ದ ಒಂದು ಚೀಟಿ ಅಂಟಿಸಿ, ಕೆಳಗೆ "ವಿಷ" ಎಂದು ಬರೆದೆ.

ಅವ್ವ ಮನೆಯಲ್ಲಿ ಆಗಾಗ ಹುಡುಕುತ್ತಿದ್ದಳು. "ಆಕಿ ಭರಣಿ ಎಲ್ಲಿ ಇಟ್ಟೀರಿ?" ಎಲ್ಲೋ ಇದೆ ಎನ್ನುತ್ತಿದ್ದೆವು. ಮುಂದಿನ ವಾರ ಮತ್ತೆ ಕೇಳುತ್ತಿದ್ದಳು. ಬರಬರುತ್ತ ಆಕೆಯ ಮುಖ ಸಣ್ಣದಾಯಿತು. ಮದುವೆಯ ಗದ್ದಲ ಎಂದುಕೊಂಡೆವು.

ಬುತ್ತಿ ಕಟ್ಟುವ ದಿನ ಭರಣಿ ತಂದೆ. ಅಡುಗೆಮನೆಯಲ್ಲಿ ಅವ್ವ, ವೈನಿ, ಕಾಕೂ, ಕೊಂಕಲ್‌ನ ಸೋದರತ್ತೆ. ಚೀಟಿ ಕೀಳುವುದನ್ನು ಮರೆತಿದ್ದೆ. ಸೋದರತ್ತೆ ತಲೆಬುರುಡೆ ನೋಡಿ, "ಇದೇನು, ಬೀಗರಿಗಿ ಮೊದಲೇ ಹೇಳಿ ಕಳಸಾಕತ್ತೀರೇನು?" ಅಂದರು.

ಭರಣಿಯ ಬಟ್ಟೆ ಉಬ್ಬಿರಲಿಲ್ಲ. ಬಿಚ್ಚುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಕಾಕೂ ಬಿಚ್ಚಿದರು. ಬುಸ್ಸೆನ್ನಲಿಲ್ಲ. ಪಾಕ ಹೊಳೆಯುತ್ತಿತ್ತು, ಜೇನಿನ ಬಣ್ಣ. ಕಾಕೂ ಚಮಚೆಯಿಂದ ತೆಗೆದು ಬಾಯಿಗೆ ಹಾಕಿಕೊಂಡರು, ಇನ್ನೊಮ್ಮೆ ಹಾಕಿಕೊಂಡರು.

"ಭಾಳ ಛಲೋ ಆಗ್ಯದ," ಎಂದರು. ತುಸು ನಿರಾಸೆ ಇತ್ತು ಧ್ವನಿಯಲ್ಲಿ.

ವೈನಿ ಗೋಡೆ ಹಿಡಿದು ಅಲ್ಲೇ ಕೂತಳು. ಅವ್ವ ಭರಣಿಯೊಳಗೆ ಇಣುಕಿದಳು, ವೈನಿಯನ್ನು ನೋಡಿದಳು, ಮತ್ತೆ ಇಣುಕಿದಳು. ಆಕೆಗೆ ನಂಬಿಕೆಯಾಗಲಿಲ್ಲ.

"ಹ್ಯಾಂಗ ಉಳೀತಿದು? ಈ ಸಲ ನಾ ನೀರೇ ಹಾಕಿಲ್ಲ."

"ಯಾವ ನೀರು?" ಎಂದೆ.

"ಪೂಜಿ ನೀರೋ. ಆಕಿ ಈ ಮನಿಗಿ ಬಂದ ವರ್ಷದಿಂದ ಹಾಕ್ಕೋತ ಬಂದೀನಿ. ಪ್ರತಿ ಸೋಮವಾರ, ಪೂಜಿ ಮುಗಿಸಿ, ಬಟ್ಟಿ ಬಿಚ್ಚಿ ಒಂದು ಚಮಚಿ. ಹುಡುಗಿ ಭರಣಿ ಕೆಡಬಾರದು, ನಾಕು ಮಂದಿ ಕಡಿಂದ ಮಾತು ಕೇಳಬಾರದಂತ. ಈ ಸಲ ಭರಣಿನೇ ಸಿಗಲಿಲ್ಲ. ಎರಡು ತಿಂಗಳಾತು, ನನಗ ನಿದ್ದಿ ಇಲ್ಲ."

ಕಾಕೂ ಕೈಯಲ್ಲಿದ್ದ ಚಮಚೆ ಕೆಳಗಿಟ್ಟರು. ಅವ್ವ ನನ್ನ ಕಡೆ ತಿರುಗಿದಳು. "ನೀ ಚೀಟಿ ಹಚ್ಚಿದ ವರ್ಷ ಭಾಳ ಅನುಕೂಲಾಗಿತ್ತು ನೋಡು. ಎರಡೂ ಒಂದೇ ನಮೂನಿ ಇದ್ವು."

ಅಣ್ಣ ಬಾಗಿಲಲ್ಲಿ ನಿಂತಿದ್ದ. ಆತ ಬಾಯಿ ತೆರೆದ. ವೈನಿ ಆತನನ್ನು ನೋಡಿದಳು. ಆತ ಬಾಯಿ ಮುಚ್ಚಿದ.

ಆಮೇಲೆ ವೈನಿ ಮೆಲ್ಲಗೆ ಕೇಳಿದಳು.

"ಅತ್ತಿ, ನಿಮ್ಮ ಭರಣಿಗಿ?"

"ನನ್ನದಕ್ಕ ಯಾಕ?" ಅಂದಳು ಅವ್ವ. "ನನ್ನ ಕೈದು ಎಂದರ ಕೆಟ್ಟದೇನು?"

ಅವ್ವನ ಭರಣಿಗೆ ಇಷ್ಟು ವರ್ಷಗಳಲ್ಲಿ ಒಂದು ಹನಿ ನೀರೂ ಬಿದ್ದಿರಲಿಲ್ಲ.